ಪೆನ್ಸಿಲ್ಲಿನಲ್ಲಿ ಬರೆದದ್ದು

ಜೂನ್ 2

ಇವಳು ಬೆಳಗಿನ ಬಸ್ಸಿಗೆ ಹೋದಳು. ಇನ್ನೊಂದು ಊರಿನ ಆಸ್ಪತ್ರೆಯಲ್ಲಿ ಹೊಸ ನರ್ಸುಗಳಿಗೆ ಮೂರು ತಿಂಗಳು ತರಬೇತಿ ಕೊಡಬೇಕಂತೆ. ನನ್ನ ಹೆಂಡತಿಯನ್ನು ಬಿಟ್ಟರೆ ಇಲಾಖೆಯ ಕಣ್ಣಿಗೆ ಬೇರೆ ಯಾರೂ ಬೀಳಲಿಲ್ಲವಂತೆ. ಬಸ್ಸು ಹೊರಡುವಾಗಲೂ ಕಿಟಕಿಯಿಂದ ತಲೆ ಹೊರಹಾಕಿ ಹೇಳಿದ್ದು ಒಂದೇ ಮಾತು. "ಅಮ್ಮನ ಜೊತೆ ಜಗಳ ಆಡ್ಬೇಡಿ." ನಾನು ಯಾವತ್ತು ಜಗಳ ಆಡಿದ್ದೇನೆ? ಅತ್ತೆ ಮಾತಾಡುತ್ತಿರುತ್ತಾರೆ, ನಾನು ಓದುತ್ತಿರುತ್ತೇನೆ. ಇದರಲ್ಲಿ ಜಗಳಕ್ಕೆ ಜಾಗ ಎಲ್ಲಿದೆ?

ಅತ್ತೆಗೆ ಎಂಬತ್ತಮೂರು. ಮೂವತ್ತೆಂಟು ವರ್ಷ ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದವರು. ವರ್ಷದಲ್ಲಿ ಆರು ತಿಂಗಳು ಚಿಕ್ಕ ಮಗಳ ಮನೆ, ಆರು ತಿಂಗಳು ನಮ್ಮ ಮನೆ. ಇವಳಿಲ್ಲದೆ ನಾವಿಬ್ಬರೇ ಒಂದು ಸೂರಿನ ಕೆಳಗೆ ಇರುವುದು ಇದೇ ಮೊದಲು.

ನನಗೆ ಪುಸ್ತಕ ಮುಗಿಸಬೇಕಾಗಿದೆ. ಆಗಸ್ಟ್ ಇಪ್ಪತ್ತಕ್ಕೆ ಹಸ್ತಪ್ರತಿ ಪ್ರೆಸ್ಸಿಗೆ ಹೋಗಲೇಬೇಕು. ಒಂಬತ್ತು ವರ್ಷದ ದುಡಿಮೆ. ಅದರಲ್ಲಿ ಕಡೆಯ ಮೂರು, ಕಾಲೇಜಿನಿಂದ ನಿವೃತ್ತನಾದ ಮೇಲೆ, ಬೇರೆ ಏನನ್ನೂ ಮುಟ್ಟದೆ ಮಾಡಿದ್ದು. ಕೆಲಸ ಎಲ್ಲಿಯವರೆಗೆ ಬಂತೆಂದು ಗೊತ್ತಿರಲಿ ಎಂದು ಈ ದಿನಚರಿ. ಮನೆಯ ರಗಳೆಯನ್ನು ಇದರಲ್ಲಿ ಬರೆಯುವುದಿಲ್ಲ.

ಜೂನ್ 5

ಅತ್ತೆ ತಮ್ಮ ಕುರ್ಚಿಯನ್ನು ನನ್ನ ಓದುವ ಕೋಣೆಗೆ ತಂದು ಹಾಕಿಕೊಂಡಿದ್ದಾರೆ. ನನ್ನ ಮೇಜಿನಿಂದ ಒಂದು ಮೊಳ ದೂರ. ಕೈ ಚಾಚಿದರೆ ನನ್ನ ಇಂಕಿನ ಬಾಟ್ಲಿ ಸಿಗುತ್ತದೆ.

"ಹೊರಗಿನ ಕೋಣೆಗೆ ಏನಾಯ್ತು ಅತ್ತೆ?" ಎಂದೆ.

"ಇಲ್ಲಿ ಬೆಳಕು ಚೆನ್ನಾಗಿದೆ."

ಹೊರಗಿನ ಕೋಣೆಗೆ ಎರಡು ಕಿಟಕಿ. ಇಲ್ಲಿರುವುದು ಒಂದೇ, ಅದಕ್ಕೂ ನನ್ನ ಪುಸ್ತಕದ ಕಪಾಟು ಅಡ್ಡ. ಜೊತೆಗೆ ಅವರಿಗೆ ಪೇಪರನ್ನು ಬಾಯಿಬಿಟ್ಟು ಓದುವ ಅಭ್ಯಾಸ. ಪ್ರಧಾನ ಸುದ್ದಿಯಿಂದ ಹಿಡಿದು ಕಾಣೆಯಾದವರ ಜಾಹೀರಾತಿನವರೆಗೆ ಒಂದನ್ನೂ ಬಿಡುವುದಿಲ್ಲ.

ಇಷ್ಟು ಸಾಲದೆಂದು ಒಂದು ನೋಟ್‌ಬುಕ್ಕಿಗೆ ರಟ್ಟು ಹಾಕಿ, ಗೆರೆ ಎಳೆದು, "ಮನೆ ಪುಸ್ತಕ" ಮಾಡಿ ಅಡುಗೆಮನೆಯ ಮೊಳೆಗೆ ನೇತುಹಾಕಿದ್ದಾರೆ. ಮನೆಯವರ ಹೆಸರು, ಗ್ಯಾಸಿನವರು, ಪ್ಲಂಬರು, ಡಾಕ್ಟರು, ಎಲ್ಲರ ಫೋನ್ ನಂಬರೂ ಅದರಲ್ಲಿದೆಯಂತೆ. ಟೀಚರುಗಳು ನಿವೃತ್ತರಾಗುವುದೇ ಇಲ್ಲ. ನಾನಂತೂ ಅದನ್ನು ಮುಟ್ಟಿಲ್ಲ.

ಜೂನ್ 11

ಐದನೇ ಅಧ್ಯಾಯಕ್ಕೆ ಕೈ ಹಾಕಿದೆ. ಪುಸ್ತಕದ ಜೀವ ಇರುವುದೇ ಇದರಲ್ಲಿ.

ದೊಡ್ಡ ಮೇಷ್ಟ್ರು ಎಂದರೆ ಈ ಸುತ್ತಮುತ್ತ ತಿಳಿಯದವರಿಲ್ಲ. ನೂರು ವರ್ಷದ ಹಿಂದೆ ಶಿಕ್ಷಕರ ತರಬೇತಿ ಶಾಲೆ ಕಟ್ಟಿದವರು, ತರಗತಿಯಿಂದ ಬೆತ್ತ ಓಡಿಸಿದವರು, ಬಾಯಿಪಾಠದ ಕಾಟ ತಪ್ಪಿಸಿದವರು. ಇದನ್ನೆಲ್ಲ ಎಲ್ಲರೂ ಬರೆದಿದ್ದಾರೆ. ಯಾರೂ ಬರೆಯದೇ ಇದ್ದುದನ್ನು ಕಂಡುಹಿಡಿದವನು ನಾನು. ಹನ್ನೊಂದು ಹಳೆಯ ಶಾಲೆಗಳ ದಾಖಲಾತಿ ಪುಸ್ತಕಗಳಲ್ಲಿ, ಮಕ್ಕಳ ಹೆಸರಿನ ಪಕ್ಕದ ಅಂಚಿನಲ್ಲಿ, ಪೆನ್ಸಿಲ್ಲಿನ ಸಣ್ಣ ಟಿಪ್ಪಣಿಗಳಿವೆ. "ಎಡಗಿವಿ ಮಂದ. ಬಲಗಡೆಯಿಂದ ಮಾತಾಡಿಸುವುದು." "ಬೋರ್ಡು ಕಾಣುವುದಿಲ್ಲ, ನಾಚಿಕೆಗೆ ಹೇಳುವುದಿಲ್ಲ." ಒಂದಂತೂ ನನ್ನನ್ನು ಮೊದಲ ದಿನವೇ ಹಿಡಿದು ನಿಲ್ಲಿಸಿತ್ತು: "ಮಾತಾಡುವುದಿಲ್ಲ. ಹಾಡಿದರೆ ಹಿಂದೆ ಗುನುಗುತ್ತಾಳೆ." ಪುಸ್ತಕದ ಮೊದಲ ಪುಟದಲ್ಲಿ ಅದೊಂದೇ ಸಾಲು ಇರುತ್ತದೆ.

ಯಾವುದಕ್ಕೂ ಸಹಿ ಇಲ್ಲ. ಆದರೆ ಕೈಬರಹ ದೊಡ್ಡ ಮೇಷ್ಟ್ರದೇ. ಅವರ ಕಾಗದಗಳ ಪಕ್ಕ ಇಟ್ಟು, ಭೂತಗನ್ನಡಿ ಹಿಡಿದು, ಅಕ್ಷರ ಅಕ್ಷರ ಹೋಲಿಸಿದ್ದೇನೆ. ಅಷ್ಟು ದೊಡ್ಡ ಮನುಷ್ಯ ಯಾರಿಗೂ ಹೇಳದೆ ಊರೂರು ತಿರುಗಿ, ಒಂದೊಂದು ಮಗುವನ್ನೂ ಗಮನಿಸಿ, ಬರೆದಿಟ್ಟು ಹೋಗಿದ್ದಾರೆ.

ಟಿಪ್ಪಣಿಗಳ ತಾರೀಖು ಹಿಡಿದು ಅವರ ಪ್ರವಾಸದ ನಕ್ಷೆಯನ್ನೂ ತಯಾರಿಸಿದ್ದೇನೆ. ಎಲ್ಲವೂ ಶಾಲೆಯ ವರ್ಷ ಮುಗಿಯುವ ಕೊನೆಯ ವಾರದವು. ಕೆಲವು ವರ್ಷ ಒಂದೇ ದಿನ ನಲವತ್ತು ಮೈಲಿ ದೂರದ ಎರಡು ಶಾಲೆಗಳಲ್ಲಿ ಬರೆದಿದ್ದಾರೆ. ಈ ಹಳೆಯ ಪುಸ್ತಕಗಳನ್ನು ಇಟ್ಟಿರುವ ದಾಖಲೆ ಕೋಣೆಯಲ್ಲಿ ಸೊಂಟಕ್ಕೆ ಕೀಲಿಗೊಂಚಲು ಸಿಕ್ಕಿಸಿಕೊಂಡು ಓಡಾಡುವ ಹೆಂಗಸನ್ನು ನಾನು ಕೀಲಿಕೈ ಮೇಡಂ ಎನ್ನುತ್ತೇನೆ. ಆಕೆ ಒಮ್ಮೆ, "ಅದು ಹೇಗಾಗುತ್ತೆ ಸಾರ್?" ಎಂದು ಕೇಳಿದ್ದಳು. ಕುದುರೆ ಇದ್ದಿರಬಹುದು ಎಂದೆ. ಅಡಿಟಿಪ್ಪಣಿಯಲ್ಲೂ ಹಾಗೇ ಹಾಕಿದ್ದೇನೆ.

ಜೂನ್ 16

ಇವಳ ಫೋನು ಬಂದಿತ್ತು. ಚೆನ್ನಾಗಿದ್ದಾಳಂತೆ. ಫೋನಿಟ್ಟ ಮೇಲೆ ಅತ್ತೆ ಕೇಳಿದರು, "ದನಿ ಹೇಗಿತ್ತು?"

ದನಿ ದನಿಯ ಹಾಗೇ ಇತ್ತು ಎಂದೆ. ಅತ್ತೆ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಪೇಪರ್ ಬಿಡಿಸಿ, ಹವಾಮಾನ ವರದಿ ಓದತೊಡಗಿದರು.

ಜೂನ್ 17

ರಾತ್ರಿ ಊಟಕ್ಕೆ ಬದನೆಕಾಯಿ. ನಾನು ಬದನೆಕಾಯಿ ತಿನ್ನುವುದಿಲ್ಲ ಎಂದು ಮೂವತ್ತೆರಡು ವರ್ಷದಿಂದ ಹೇಳುತ್ತ ಬಂದಿದ್ದೇನೆ. ತಿಂದೆ. ಪರವಾಗಿಲ್ಲ. ಅವರಿಗೆ ಹೇಳಲಿಲ್ಲ.

ಜೂನ್ 25

ಬರೆದ ಪುಟವನ್ನು ಜೋರಾಗಿ ಓದಿ ಕಿವಿಗೆ ಒಪ್ಪಿಸುವುದು ನನ್ನ ಪದ್ಧತಿ. ಈಗ ಪಕ್ಕದಲ್ಲಿ ಕೂತವರ ಕಿವಿಗೂ ಬೀಳುತ್ತದೆ, ಏನು ಮಾಡುವುದು. ಇವತ್ತು ಪ್ರವಾಸದ ಭಾಗ ಓದಿದೆ. ಅತ್ತೆ ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆ ಹೋಗಿದ್ದಾರೆ ಅಂದುಕೊಂಡಿದ್ದೆ.

"ಕುದುರೆ ಯಾಕೆ ಬಂತು?" ಎಂದರು.

"ದೂರ ಇತ್ತಲ್ಲ ಅತ್ತೆ, ಒಂದೇ ದಿನದಲ್ಲಿ."

"ಹೂಂ. ನಮ್ಮ ತರಬೇತಿ ಶಾಲೆ ಹೆಡ್‌ಮಾಸ್ಟರು ಅವರ ಶಿಷ್ಯರು. ಕುದುರೆ ವಿಷಯ ಯಾವತ್ತೂ ಹೇಳಲಿಲ್ಲ."

ಒಂಬತ್ತು ವರ್ಷದ ಹಿಂದೆ, ಕೆಲಸ ಶುರು ಮಾಡಿದಾಗ, ನಾನು ಅತ್ತೆಯನ್ನೂ ಕೇಳಿದ್ದೆ: ದೊಡ್ಡ ಮೇಷ್ಟ್ರನ್ನು ನೀವು ನೋಡಿದ್ದೀರಾ? ಇಲ್ಲ, ನಾನು ತರಬೇತಿಗೆ ಸೇರೋ ಹೊತ್ತಿಗೆ ಅವರು ತೀರಿಕೊಂಡಿದ್ದರು ಎಂದರು. ಸರಿ, ಅಲ್ಲಿಗೆ ಮುಗಿಯಿತು ಎಂದು ಪಟ್ಟಿಯಿಂದ ಅವರ ಹೆಸರು ಹೊಡೆದುಹಾಕಿದ್ದೆ. ಕಣ್ಣಾರೆ ಕಂಡವರ ಸಾಕ್ಷ್ಯಕ್ಕೂ ಕೇಳಿದ ಮಾತಿಗೂ ವ್ಯತ್ಯಾಸವಿದೆ. ಇದನ್ನು ಅವರಿಗೆ ತಿಳಿಸಿ ಹೇಳಿದೆ. ತಲೆಯಾಡಿಸಿದರು.

ಜುಲೈ 3

ಬೆಳಿಗ್ಗೆ ಹಾಲು ತೆಗೆಯಲು ಹೋದರೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಒಂದು ಚೀಟಿ. ಪೆನ್ಸಿಲ್ಲು. ದೊಡ್ಡ ಮೇಷ್ಟ್ರ ಅಕ್ಷರ. ನನಗೆ ಮೈಯೆಲ್ಲ ಉರಿದುಹೋಯಿತು. ಒಂಬತ್ತು ವರ್ಷ ಜೋಪಾನ ಮಾಡಿದ ಮೂಲ ಕಾಗದವನ್ನು ತೆಗೆದು ಫ್ರಿಜ್ಜಿಗೆ ಅಂಟಿಸುವುದೇ? ಚೀಟಿಯನ್ನು ಎರಡು ಬೆರಳಲ್ಲಿ ಬಿಡಿಸಿ, ಓದುವ ಕೋಣೆಗೆ ಒಯ್ದು, ಪ್ಲಾಸ್ಟಿಕ್ ಲಕೋಟೆಗೆ ಹಾಕಿ, ಆಮೇಲೆ ಓದಿದೆ.

"ಗ್ಯಾಸ್ ಮುಗಿಯುತ್ತ ಬಂದಿದೆ. ನಂಬರು ಮನೆ ಪುಸ್ತಕದಲ್ಲಿದೆ."

ಎರಡು ಸಲ ಓದಿದೆ. ಆಮೇಲೆ ಭೂತಗನ್ನಡಿ ತೆಗೆದೆ. ಅದೇ ಸುತ್ತು. ಅದೇ ಕೊಂಬು, ಕೊನೆಗೆ ಅದೇ ಚೂರು ಬಾಗು. ಒತ್ತಕ್ಷರವನ್ನು ಗೆರೆಗೆ ತಾಗಿಸದೆ ಬಿಡುವ ಅದೇ ರೀತಿ. ಅದನ್ನೇ ನಾನು "ದೊಡ್ಡ ಮೇಷ್ಟ್ರ ಅಚ್ಚಳಿಯದ ಗುರುತು" ಎಂದು ಬರೆದಿದ್ದೇನೆ. ಕೂತುಬಿಟ್ಟೆ. ಮೂವತ್ತೆರಡು ವರ್ಷದಲ್ಲಿ ಅತ್ತೆಯ ಕೈಬರಹವನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಕಾಗದಗಳೆಲ್ಲ ಇವಳ ಹೆಸರಿಗೆ ಬರುತ್ತಿದ್ದವು.

ಜುಲೈ 4

ಅತ್ತೆಯ ಮುಂದೆ ಹಾಳೆ ಪೆನ್ಸಿಲ್ಲು ಇಟ್ಟು, ಟಿಪ್ಪಣಿಗಳನ್ನು ಹೇಳುತ್ತ ಹೋದೆ, ಅವರು ಬರೆದರು. ಏನು ಎತ್ತ ಎಂದು ಕೇಳಲಿಲ್ಲ. ಡಿಕ್ಟೇಷನ್ ಕೊಡುವವರು ತೆಗೆದುಕೊಳ್ಳುವುದರಲ್ಲೂ ಗಟ್ಟಿಗರೇ. ಹೋಲಿಸಿ ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಈ ಅಕ್ಷರ ನಿಮಗೆ ಎಲ್ಲಿಂದ ಬಂತು?"

"ನಕಲು ಪುಸ್ತಕದಿಂದ. ಮೊದಲ ಆರು ತಿಂಗಳು ಬರೀ ಅಕ್ಷರ ತಿದ್ದೋದೇ ಕೆಲಸ. ಸುತ್ತು ದೊಡ್ಡದಾದ್ರೆ ಹೆಡ್‌ಮಾಸ್ಟರು ಹಾಳೆ ಹರಿದು ಹಾಕೋರು. ಟೀಚರು ಬದಲಾದ್ರೂ ಬೋರ್ಡಿನ ಮೇಲೆ ಅಕ್ಷರ ಬದಲಾಗಬಾರದು, ಮಗು ಗಾಬರಿಯಾಗುತ್ತೆ ಅನ್ನೋರು. ಅವರಿಗೆ ಹಾಗೆ ಕಲಿಸಿದ್ದು ದೊಡ್ಡ ಮೇಷ್ಟ್ರೇ. ಆಚೆ ಬಂದಾಗ ನಾವು ನಲವತ್ತು ಜನ, ಎಲ್ಲರದೂ ಒಂದೇ ಬರಹ. ಒಬ್ಬರ ರಜಾ ಅರ್ಜಿ ಇನ್ನೊಬ್ಬರು ಬರೀತಿದ್ವಿ. ಯಾರೂ ಸಿಕ್ಕಿಬೀಳಲಿಲ್ಲ." ಹೇಳಿ ನಕ್ಕರು.

ನಕಲು ಪುಸ್ತಕ ನನಗೆ ಗೊತ್ತಿಲ್ಲದ್ದೇನಲ್ಲ. ಎರಡನೇ ಅಧ್ಯಾಯದಲ್ಲಿ ಅದರ ಮೇಲೆ ಎಂಟು ಪುಟ ಬರೆದಿದ್ದೇನೆ. "ಸಾವಿರಾರು ಶಿಕ್ಷಕರಿಗೆ ಅವರು ಒಂದೇ ಸುಂದರ ಕೈಬರಹವನ್ನು ದಾನ ಮಾಡಿದರು" ಎಂದು ನಾನೇ ಹೊಗಳಿದ್ದೇನೆ. ಐದನೇ ಅಧ್ಯಾಯಕ್ಕೆ ಬಂದು ಅದೇ ಕೈಬರಹ ಹಿಡಿದು, ಇದು ಅವರೊಬ್ಬರದೇ ಎಂದಿದ್ದೇನೆ. ಎರಡರ ನಡುವೆ ನೂರ ಹತ್ತು ಪುಟವಿದೆ. ಇದನ್ನು ಯಾರ ಮುಂದೆ ಹೇಳಿಕೊಳ್ಳಲಿ?

ಜುಲೈ 7

ತರಬೇತಿ ಶಾಲೆಯ ಶತಮಾನೋತ್ಸವ ಸಮಿತಿಯ ಕಾರ್ಯದರ್ಶಿ ಫೋನು ಮಾಡಿದ. ಪುಸ್ತಕ ಅಚ್ಚು ಹಾಕಿಸುವವರು ಅವರೇ. ಬಿಡುಗಡೆಗೆ ದೊಡ್ಡ ದೊಡ್ಡವರು ಬರುತ್ತಾರಂತೆ. "ಹಸ್ತಪ್ರತಿ ರೆಡಿನಾ ಸಾರ್?" ಎಂದ. ರೆಡಿ, ಆಗಸ್ಟ್ ಇಪ್ಪತ್ತಕ್ಕೆ ಕಳಿಸ್ತೀನಿ ಎಂದೆ. ಹನ್ನೊಂದು ಶಾಲೆಯ ಟಿಪ್ಪಣಿಗಳಲ್ಲಿ ಕೆಲವಾದರೂ ಅವರ ಕೈಯದೇ ಇರಬಹುದು. ಅಲ್ಲ ಎಂದು ಸಾಧಿಸುವವರು ಯಾರು?

ಫೋನಿಟ್ಟ ಮೇಲೆ ಪಕ್ಕದ ಕುರ್ಚಿಯಿಂದ ದನಿ ಬಂತು. "ಆ ಕುದುರೆ ತೆಗೀತೀರಾ?"

ನನಗೆ ತಡೆಯಲಾಗಲಿಲ್ಲ. "ನೀವು ಅವರನ್ನ ನೋಡೇ ಇಲ್ಲ ಅತ್ತೆ. ನಿಮಗೇನು ಗೊತ್ತು? ಒಂಬತ್ತು ವರ್ಷ ದೂಳು ಕುಡಿದವನು ನಾನು. ನನ್ನ ಕೆಲಸ ನನಗೆ ಬಿಡಿ, ನಿಮ್ಮ ಪೇಪರ್ ನೀವು ಓದಿ, ಅದೂ ಸಾಧ್ಯವಾದ್ರೆ ಮನಸ್ಸಲ್ಲಿ ಓದಿ."

ಅತ್ತೆ ಪೇಪರ್ ಮಡಿಸಿದರು. ಕನ್ನಡಕ ತೆಗೆದು ಪೆಟ್ಟಿಗೆಗೆ ಹಾಕಿದರು. ಎದ್ದು ಹೋದರು.

ಜುಲೈ 8

ಕುರ್ಚಿ ಹೊರಗಿನ ಕೋಣೆಗೆ ಹೋಗಿದೆ. ಒಬ್ಬರೇ ಎಳೆದುಕೊಂಡು ಹೋಗಿದ್ದಾರೆ, ನೆಲದ ಮೇಲೆ ಗೆರೆ ಬಿದ್ದಿದೆ.

ಜುಲೈ 10

ಕೋಣೆ ನಿಶ್ಶಬ್ದವಾಗಿದೆ. ಕೆಲಸ ಆಗಲಿಲ್ಲ.

ಜುಲೈ 11

ಕೆಲಸ ಆಗಲಿಲ್ಲ. ಹವಾಮಾನ ಹೇಗಿದೆಯೋ ಗೊತ್ತಿಲ್ಲ.

ಜುಲೈ 14

ಚಹಾ ಮಾಡಿಕೊಂಡು ಹೊರಗಿನ ಕೋಣೆಗೆ ಹೋದೆ. ಸಕ್ಕರೆ ಹಾಕುವುದು ಮರೆತಿದ್ದೆ. ಅತ್ತೆ ಒಂದು ಗುಟುಕು ಕುಡಿದು, ಲೋಟ ನೋಡಿ, ಮತ್ತೆ ಕುಡಿದರು.

"ತಪ್ಪಾಯ್ತು ಅತ್ತೆ," ಎಂದೆ. ಈ ಮಾತನ್ನು ಕೊನೆಯ ಸಲ ಯಾರಿಗೆ ಹೇಳಿದ್ದೆನೋ ನೆನಪಿಲ್ಲ.

"ಆಯ್ತು ಬಿಡಿ. ಏನು ತಂದಿದೀರಿ ಕಂಕುಳಲ್ಲಿ?"

ಟಿಪ್ಪಣಿಗಳ ನಕಲು ಪ್ರತಿಗಳನ್ನು ತಂದಿದ್ದೆ. ಅವರ ಮಡಿಲಿಗೆ ಇಟ್ಟೆ. ಒಂಬತ್ತು ವರ್ಷದಲ್ಲಿ ಅವನ್ನು ಅವರಿಗೆ ತೋರಿಸುತ್ತಿರುವುದು ಇದೇ ಮೊದಲು. ಒಂದೊಂದನ್ನೂ ಬೆರಳಿಟ್ಟು ಓದಿದರು. ಬಾಯಿಬಿಟ್ಟು ಓದಿದರು, ಕೇಳಲು ಹಿತವಾಗಿತ್ತು.

"ಪೆನ್ಸಿಲ್ಲಲ್ಲಿ ಯಾಕೆ ಬರೆದಿದಾರೆ ಅಂತ ಪುಸ್ತಕದಲ್ಲಿ ಹಾಕಿದೀರಾ?"

"ಹಾಕಿದೀನಿ. ವಿನಯದಿಂದ ಅಂತ."

ಅತ್ತೆ ನಗು ತಡೆಯಲಾಗದೆ ಲೋಟ ಕೆಳಗಿಟ್ಟರು. "ವಿನಯ ಎಲ್ಲಿಂದ ಬಂತು? ಅಳಿಸೋದಕ್ಕೆ ಕಣ್ರೀ. ವರ್ಷದ ಕೊನೇಲಿ ನಮ್ಮ ಕ್ಲಾಸನ್ನ ಮುಂದಿನ ಟೀಚರಿಗೆ ಒಪ್ಪಿಸಬೇಕಲ್ಲ. ಯಾವ ಮಗೂಗೆ ಏನು ಬೇಕು ಅಂತ ಒಂದು ಸಾಲು ಬರೆದಿಡ್ತಿದ್ವಿ. ಅವರು ನೋಡ್ಕೊಂಡು ಹಾಗೆ ನಡೆಸ್ಕೊಳ್ಳೋರು. ಈ ಮಾತು ಇನ್ನು ಈ ಮಗೂಗೆ ನಿಜ ಅಲ್ಲ ಅಂತ ಅನ್ನಿಸಿದ ದಿನ ಅಳಿಸಿಬಿಡಬೇಕು. ಹಳೇ ಮಾತು ಮಗು ಬೆನ್ನಿಗೆ ಅಂಟ್ಕೊಂಡು ಇರಬಾರದು."

ಎಲ್ಲ ತಾರೀಖೂ ವರ್ಷದ ಕೊನೆಯ ವಾರದ್ದೇ ಏಕೆ ಎಂದು ಈಗ ತಿಳಿಯಿತು. ಪ್ರವಾಸವೂ ಇಲ್ಲ, ಕುದುರೆಯೂ ಇಲ್ಲ.

"ಹಾಗಾದರೆ ಇವು? ಈ ಉಳಿದಿರೋವು?"

"ಅಳಿಸೋಕೆ ಆಗದೇ ಹೋದವು. ನೀವು ಉಳಿದಿದ್ದನ್ನೆಲ್ಲ ಗೆದ್ದಿದ್ದು ಅಂತ ಅಂದ್ಕೊಂಡಿದೀರಿ. ಗೆದ್ದಿದ್ದನ್ನ ನಾವು ಉಳಿಸ್ತಾನೇ ಇರಲಿಲ್ಲ."

ಆಮೇಲೆ ಅವರ ಬೆರಳು ಹಾಡಿನ ಹುಡುಗಿಯ ಸಾಲಿನ ಮೇಲೆ ನಿಂತಿತು. "ಅಯ್ಯೋ ಪಾಪ, ಇದನ್ನೂ ಅಳಿಸಿಲ್ಲ," ಎಂದರು. ಆ ಪುಟದ ಬಲತುದಿಯಲ್ಲಿ "ಶಾಲೆ ಬಿಟ್ಟ ದಿನ" ಎಂಬ ಅಂಕಣವಿದೆ. ನಾನು ಅತ್ತ ನೋಡಿರಲೇ ಇಲ್ಲ. ಟಿಪ್ಪಣಿ ಬರೆದ ಮೂರನೇ ತಿಂಗಳಿಗೆ ಮಗು ಶಾಲೆ ಬಿಟ್ಟಿದೆ. ಕಾರಣದ ಜಾಗ ಖಾಲಿ. ಆ ಸಾಲನ್ನು ನಾನು ಪುಸ್ತಕದ ಹಣೆಗೆ ಅಲಂಕಾರ ಎಂದು ಇಟ್ಟಿದ್ದೆ.

"ನಿಮ್ಮವೂ ಉಳಿದಿವೆಯಾ?" ಎಂದು ಕೇಳಿದೆ.

"ಒಬ್ಬ ಇದ್ದ. ಹಸಿದು ಬರ್ತಾನೆ, ಮೊದಲ ಪಾಠಕ್ಕೆ ಲೆಕ್ಕ ಬೇಡ ಅಂತ ಬರೆದಿಟ್ಟಿದ್ದೆ. ನನಗೆ ಬೇರೆ ಊರಿಗೆ ವರ್ಗ ಆಯ್ತು. ಮುಂದಿನವರು ನೋಡಿದ್ರೋ ಇಲ್ವೋ. ಈಗಲೂ ಲೆಕ್ಕ ಅಂದ್ರೆ ಅವನ ಮುಖವೇ ಎದುರಿಗೆ ಬರುತ್ತೆ." ಕೆಳಗಿಟ್ಟಿದ್ದ ಲೋಟವನ್ನು ಎತ್ತಿ ನನ್ನ ಕೈಗೆ ಕೊಟ್ಟರು. ಆಮೇಲೆ ಅವರೇ ಹೇಳಿದರು, "ಇನ್ನೊಂದು ಲೋಟ ಚಹಾ ಮಾಡಿ. ಈ ಸಲ ಸಕ್ಕರೆ ಹಾಕಿ."

ಕುರ್ಚಿಯನ್ನು ನಾನೇ ಎತ್ತಿಕೊಂಡು ಬಂದು ಮೊದಲಿದ್ದ ಜಾಗದಲ್ಲಿ ಇಟ್ಟೆ.

ಜುಲೈ 22

ಅತ್ತೆಯನ್ನು ದಾಖಲೆ ಕೋಣೆಗೆ ಕರೆದುಕೊಂಡು ಹೋಗಿದ್ದೆ. ಮೆಟ್ಟಿಲು ಹತ್ತಲು ಹತ್ತು ನಿಮಿಷ. ಮೇಲೆ ತಲುಪಿದ ಮೇಲೆ ಕೀಲಿಕೈ ಮೇಡಂಗೂ ಅತ್ತೆಗೂ ಮಾತು ಹತ್ತಿ ಇನ್ನೊಂದು ಅರ್ಧ ಗಂಟೆ. ಆ ಹೆಣ್ಣುಮಗಳಿಗೆ ಬೆನ್ನುನೋವಿದೆ, ಅವಳ ಮಗಳಿಗೆ ವಿಜ್ಞಾನ ಹಿಡಿಸುವುದಿಲ್ಲ ಎಂಬುದೆಲ್ಲ ನನಗೆ ಇವತ್ತು ಗೊತ್ತಾಯಿತು. ಒಂಬತ್ತು ವರ್ಷದಿಂದ ದಿನಾ ಅವಳ ಎದುರಿಗೆ ಕೂತಿದ್ದೇನೆ.

ಅಳಿಸಿದ್ದನ್ನು ಹುಡುಕುವ ಉಪಾಯ ಕೀಲಿಕೈ ಮೇಡಂಗೇ ಗೊತ್ತಿತ್ತು. ಕಿಟಕಿಯ ಪರದೆ ಎಳೆದು, ಟಾರ್ಚನ್ನು ಹಾಳೆಯ ಮಟ್ಟಕ್ಕೆ ಮಲಗಿಸಿ ಬಿಟ್ಟಳು. ಬೆಳಕು ಅಡ್ಡಡ್ಡ ಹರಿದದ್ದೇ ತಡ, ಖಾಲಿ ಅಂಚಿನಲ್ಲಿ ಪೆನ್ಸಿಲ್ ಒತ್ತಿದ ಕುಳಿಗಳು ಎದ್ದು ಕಂಡವು. ಪುಟ ಪುಟವೂ. ಇದೇ ದಾಖಲಾತಿ ಪುಸ್ತಕದ ಬಗ್ಗೆ ನಾನು ಬರೆದುಕೊಂಡಿದ್ದ ಷರಾ ನೋಡಿದೆ: "ಅಂಚು ಅಲ್ಲಲ್ಲಿ ಸವೆದು ಮಾಸಿದೆ. ಕಳಪೆ ಕಾಗದ."

ಅತ್ತೆ ಓದುತ್ತ ಹೋದರು, ನಾನು ಬರೆದುಕೊಂಡೆ. "ಸುಳ್ಳು ಹೇಳುತ್ತಾನೆ. ಬೈಯಬಾರದು, ಕಥೆ ಬರೆಸುವುದು." ಅಳಿಸಿದೆ. "ಓಡಿಹೋಗಲು ಬಾಗಿಲ ಹತ್ತಿರ ಕೂರುತ್ತಾಳೆ. ಪಕ್ಕಕ್ಕೆ ಒಬ್ಬ ಗೆಳತಿ ಬೇಕು." ಅಳಿಸಿದೆ. "ತಾಯಿ ಇಲ್ಲ. ಬಟ್ಟೆ ಕೊಳೆ ಎಂದು ಯಾರೂ ಆಡಬಾರದು." ಅಳಿಸಿದೆ. ಪ್ರತಿಯೊಂದಕ್ಕೂ ಅತ್ತೆ, "ಭೇಷ್," ಎನ್ನುತ್ತಿದ್ದರು, ಎಂಬತ್ತು ವರ್ಷದ ಹಿಂದಿನ ಆ ಯಾವುದೋ ಟೀಚರಿಗೆ. ಒಂದು ಪುಸ್ತಕದಲ್ಲೇ ಉಳಿದದ್ದು ಒಂಬತ್ತು, ಅಳಿಸಿದ್ದು ಅರವತ್ತಮೂರು. ಕೀಲಿಕೈ ಮೇಡಂ ಕಣ್ಣೊರೆಸಿಕೊಂಡು, ದೂಳು ಎಂದಳು. ನನ್ನ ಕಣ್ಣಿಗೂ ದೂಳು ಬಿದ್ದಿತ್ತು.

ಬರುವಾಗ ಆಟೋದಲ್ಲಿ ನಾನು ಸಪ್ಪಗೆ ಕೂತಿದ್ದೆ. "ದೊಡ್ಡ ಮೇಷ್ಟ್ರನ್ನ ನಾನೇ ಸಣ್ಣವರನ್ನಾಗಿ ಮಾಡಿದ ಹಾಗಾಯ್ತಲ್ಲ ಅತ್ತೆ."

"ಅವರೊಬ್ಬರೇ ಓಡಾಡಿ ಬರೆದಿದ್ರೆ ಹನ್ನೊಂದು ಶಾಲೆಗೆ ಸಾಕಾಗಿ ಹೋಗಿರೋರು. ನನ್ನ ಕೈವರೆಗೆ ಬಂತಲ್ಲ, ಅದು ಹೇಗೆ ಸಣ್ಣದಾಗುತ್ತೆ?" ಎಂದವರು, "ಸ್ವಲ್ಪ ಸರಿದು ಕೂತ್ಕೊಳ್ಳಿ, ನಿಮ್ಮ ಮೊಣಕೈ ಚುಚ್ತಿದೆ," ಎಂದರು.

ಆಗಸ್ಟ್ 5

ಕಾರ್ಯದರ್ಶಿಯ ಕಚೇರಿಗೆ ನಾನೇ ಹೋಗಿ ಹೇಳಿದೆ. ಟಿಪ್ಪಣಿಗಳು ದೊಡ್ಡ ಮೇಷ್ಟ್ರವಲ್ಲ, ಅವರ ಹಾದಿಯಲ್ಲಿ ಕಲಿತ ಟೀಚರುಗಳವು, ಪುಸ್ತಕ ಮತ್ತೆ ಬರೆಯಬೇಕು, ಇಪ್ಪತ್ತಕ್ಕೆ ಆಗುವುದಿಲ್ಲ. ಅವನ ಮುಖ ಬಿಳಿಚಿಕೊಂಡಿತು.

"ಸಾರ್, 'ದೊಡ್ಡ ಮೇಷ್ಟ್ರ ಅಪ್ರಕಟಿತ ಬರಹಗಳು' ಅಂತ ಆಹ್ವಾನ ಪತ್ರಿಕೆಯಲ್ಲಿ ಹಾಕಿಸಿ ಆಗಿದೆ. ಇದ್ದ ಹಾಗೇ ಕೊಟ್ಟುಬಿಡಿ. ಅವರವಲ್ಲ ಅಂತ ಯಾರಿಗೆ ಗೊತ್ತಾಗುತ್ತೆ?"

"ನನ್ನ ಅತ್ತೆಗೆ."

ಅವನು ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡ. ಕೊನೆಗೆ ಒಳಗೆ ಹೋಗಿ ಯಾರಿಗೋ ಫೋನು ಮಾಡಿ ಬಂದು, ಸಮಿತಿ ಪುಸ್ತಕವನ್ನು ಕೈಬಿಡುತ್ತದೆ ಎಂದ. ಹಳೆಯ ಫೋಟೋಗಳನ್ನು ಸೇರಿಸಿ ಒಂದು ಸ್ಮರಣ ಸಂಚಿಕೆ ತರುತ್ತಾರಂತೆ. ಆಮೇಲೆ ಬರೆದು ಮುಗಿಸಿದರೆ ಅಚ್ಚಿನ ಖರ್ಚು ನಾನೇ ನೋಡಿಕೊಳ್ಳಬೇಕು.

ಮನೆಗೆ ಬಂದೆ. "ಬೇಜಾರಾಯ್ತಾ?" ಎಂದರು ಅತ್ತೆ. ಆಯ್ತು ಎಂದೆ. ತುಂಬಾ ಆಯ್ತು ಎಂದೆ. ಹಸ್ತಪ್ರತಿಯ ಕಟ್ಟನ್ನು ಮೇಜಿನ ಕೆಳಗೆ ತಳ್ಳಿದೆ. ಅತ್ತೆ ನೋಡಿಯೂ ನೋಡದ ಹಾಗೆ ಪೇಪರ್ ಬಿಡಿಸಿ ಓದತೊಡಗಿದರು, ಆದರೆ ಇವತ್ತು ಮೆಲ್ಲಗೆ. ಕಾಣೆಯಾದವರ ಜಾಹೀರಾತು ಮುಗಿಯುವ ಹೊತ್ತಿಗೆ ಸ್ವಲ್ಪ ಹಗುರಾಗಿತ್ತು.

ಆಗಸ್ಟ್ 20

ಇವತ್ತೇ ಹಸ್ತಪ್ರತಿ ಹೋಗಬೇಕಾಗಿದ್ದ ದಿನ. ಹೋಗಲಿಲ್ಲ. ಅದರ ಬದಲು ಹನ್ನೊಂದು ಶಾಲೆಗಳ ನಲವತ್ತೇಳು ಟೀಚರುಗಳ ಹೆಸರು ಸಿಕ್ಕಿತು. ಯಾವ ಟಿಪ್ಪಣಿ ಯಾರದೆಂದು ಎಂದಿಗೂ ಗೊತ್ತಾಗುವುದಿಲ್ಲ, ಎಲ್ಲರದೂ ಒಂದೇ ಬರಹ. ಎಲ್ಲ ಹೆಸರನ್ನೂ ಹಾಕುತ್ತೇನೆ.

ಕುದುರೆಯ ಅಡಿಟಿಪ್ಪಣಿಯನ್ನು ಹೊಡೆದುಹಾಕಿದೆ. ಒಂಬತ್ತು ವರ್ಷ ಸಾಕಿದ್ದೆ. ಅತ್ತೆ, "ಅಬ್ಬ, ಅದಕ್ಕೂ ಸುಸ್ತಾಗಿತ್ತು," ಎಂದರು.

ಸೆಪ್ಟೆಂಬರ್ 1

ಇವಳು ಬಂದಳು. ಬ್ಯಾಗು ಕೆಳಗಿಡುವ ಮೊದಲೇ ಓದುವ ಕೋಣೆಗೆ ಇಣುಕಿ, "ಅಮ್ಮನ ಕುರ್ಚಿ ಇಲ್ಲಿ ಯಾಕಿದೆ?" ಎಂದಳು.

"ಇಲ್ಲಿ ಬೆಳಕು ಚೆನ್ನಾಗಿದೆ," ಎಂದೆ.

ಊಟಕ್ಕೆ ಬದನೆಕಾಯಿ ಇತ್ತು. ನಾನು ಎರಡನೇ ಸಲ ಹಾಕಿಸಿಕೊಂಡಾಗ ಇವಳು ತಾಯಿಯ ಮುಖ ನೋಡಿದಳು. ತಾಯಿ ತಟ್ಟೆ ನೋಡುತ್ತಿದ್ದರು. ಊಟ ಮುಗಿದ ಕೂಡಲೇ ಇವಳು ಸೆರಗು ಸಿಕ್ಕಿಸಿ ಪಾತ್ರೆ ತೊಳೆಯಲು ನಿಂತಳು.

ಸೆಪ್ಟೆಂಬರ್ 4

ಅತ್ತೆಯ ಆರು ತಿಂಗಳು ಮುಗಿಯಿತು. ಚಿಕ್ಕ ಮಗಳ ಗಂಡ ಬಂದು ಕರೆದುಕೊಂಡು ಹೋದ. ಕಾರಿನಲ್ಲಿ ಕೂತ ಮೇಲೆ ನನ್ನನ್ನು ಹತ್ತಿರ ಕರೆದರು. ಏನೋ ಮುಖ್ಯವಾದದ್ದು ಹೇಳುತ್ತಾರೆಂದು ಬಗ್ಗಿದೆ.

"ಗ್ಯಾಸ್ ಮುಗಿಯುತ್ತ ಬಂದಿದೆ. ನಂಬರು ಮನೆ ಪುಸ್ತಕದಲ್ಲಿದೆ."

ಕುರ್ಚಿಯನ್ನು ತೆಗೆಯಲೇ ಎಂದು ಇವಳು ಕೇಳಿದಳು. ಇರಲಿ ಎಂದೆ.

ಸೆಪ್ಟೆಂಬರ್ 9

ಸಂಜೆ ಗ್ಯಾಸ್ ಮುಗಿಯಿತು. ಇವಳು ಆಸ್ಪತ್ರೆಯಿಂದ ಇನ್ನೂ ಬಂದಿರಲಿಲ್ಲ. ಹೋದ ಸಲ ಗ್ಯಾಸಿನವರಿಗೆ ಅತ್ತೆಯೇ ಫೋನು ಮಾಡಿದ್ದರು. ನಂಬರಿಗೆಂದು ಮನೆ ಪುಸ್ತಕವನ್ನು ಮೊಳೆಯಿಂದ ಇಳಿಸಿ, ಮೊದಲ ಸಲ ತೆರೆದೆ.

ಮೊದಲ ಪುಟದಲ್ಲಿ ಮನೆಯವರ ಹೆಸರು, ದಾಖಲಾತಿ ಪುಸ್ತಕದ ಹಾಗೆ ಒಂದರ ಕೆಳಗೆ ಒಂದು. "ಅಳಿಯಂದಿರು" ಎಂಬುದರ ಪಕ್ಕದ ಅಂಚು ಒಂದಿಷ್ಟು ಮಾಸಿತ್ತು. ಮೂರು ತಿಂಗಳ ಹಿಂದೆ ಆಗಿದ್ದರೆ ಕಳಪೆ ಕಾಗದ ಎಂದು ಬಿಟ್ಟುಬಿಡುತ್ತಿದ್ದೆ. ಕಿಟಕಿಯ ಪರದೆ ಎಳೆದೆ. ಟಾರ್ಚನ್ನು ಅಡುಗೆಮನೆಯ ಕಟ್ಟೆಯ ಮೇಲೆ ಮಲಗಿಸಿದೆ. ಅಕ್ಷರಗಳು ನಿಧಾನವಾಗಿ ಎದ್ದವು.

"ಕಿವಿ ಚೆನ್ನಾಗಿದೆ. ಆದರೂ ಯಾರ ಮಾತೂ ಕೇಳಿಸಿಕೊಳ್ಳುವುದಿಲ್ಲ. ಹತ್ತಿರ ಕೂರಿಸಿಕೊಳ್ಳುವುದು. ಜೂನ್ 4."

ಅಳಿಸಿದ್ದಾರೆ. ಚೆನ್ನಾಗಿ, ಚೂರೂ ಉಳಿಯದ ಹಾಗೆ ಉಜ್ಜಿ ಅಳಿಸಿದ್ದಾರೆ. ಅರವತ್ತಮೂರು ವರ್ಷದ ಗಂಡಸು ಅಡುಗೆಮನೆಯಲ್ಲಿ ಟಾರ್ಚಿನ ಬೆಳಕಿನಲ್ಲಿ ಅಳುವುದನ್ನು ಯಾರಾದರೂ ನೋಡಿದ್ದರೆ ಏನು ತಿಳಿಯುತ್ತಿದ್ದರು.

ನಂಬರು ಹುಡುಕಲು ಮತ್ತೆ ಪುಟದ ಮೇಲೆ ಕಣ್ಣಾಡಿಸಿದಾಗ ಕಂಡಿತು. ಕೆಳಗಿನ ಸಾಲಿನಲ್ಲಿ, ಇವಳ ಹೆಸರಿನ ಪಕ್ಕ, ಇನ್ನೊಂದು ಟಿಪ್ಪಣಿ. ಇದಕ್ಕೆ ಟಾರ್ಚು ಬೇಕಿರಲಿಲ್ಲ. ಅತ್ತೆ ಹೋಗುವ ಹಿಂದಿನ ದಿನದ ತಾರೀಖು.

"ಸುಸ್ತಾದರೂ ಹೇಳುವುದಿಲ್ಲ. ಒಂದು ಸಲ ಕೇಳಿದರೆ ಇಲ್ಲ ಎನ್ನುತ್ತಾಳೆ. ಪಕ್ಕದಲ್ಲಿ ಕೂತು ಕಾಯುವುದು. ಸೆಪ್ಟೆಂಬರ್ 3."

ಇವಳು ಬಂದಾಗ ಏಳಾಗಿತ್ತು. ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಹೊರಟವಳನ್ನು ತಡೆದು, ಓದುವ ಕೋಣೆಗೆ ಕರೆದು, ಆ ಕುರ್ಚಿಯಲ್ಲಿ ಕೂರಿಸಿದೆ. ಗ್ಯಾಸ್ ಇಲ್ಲ, ನಾಳೆ ಬರುತ್ತೆ, ಬ್ರೆಡ್ ತಂದಿದೀನಿ ಎಂದೆ.

"ಸುಸ್ತಾಗಿದೆಯೇನೇ?"

"ಇಲ್ಲಪ್ಪ. ಯಾಕೆ?"

ಯಾಕೂ ಇಲ್ಲ ಎಂದು ನನ್ನ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡು ಕೂತೆ. ಪುಸ್ತಕ ಹಿಡಿಯಲಿಲ್ಲ. ಅವಳು ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಮೇಜಿನ ಮೇಲಿನ ರಾಶಿ ಕಾಗದ ನೋಡಿದಳು. ಹೊರಗೆ ಯಾರದೋ ಸ್ಕೂಟರು ಹೋಯಿತು. ಆಮೇಲೆ ತಲೆಯನ್ನು ಹಿಂದಕ್ಕೆ ಆನಿಸಿ ಕಣ್ಣು ಮುಚ್ಚಿದಳು.

"ಕಾಲು ತುಂಬಾ ನೋಯ್ತಾ ಇದೆ ರೀ," ಎಂದಳು.

ಅವಳ ಟಿಪ್ಪಣಿಯನ್ನು ಅಳಿಸಿಲ್ಲ. ಮೂವತ್ತೆರಡು ವರ್ಷದಲ್ಲಿ ಒಂದು ದಿನ ಪಕ್ಕದಲ್ಲಿ ಕೂತಿದ್ದಕ್ಕೆಲ್ಲ ಅಳಿಸುವ ಹಾಗಿಲ್ಲ. ರಬ್ಬರನ್ನು ಮಾತ್ರ ಅದೇ ಮೊಳೆಗೆ ದಾರ ಕಟ್ಟಿ ನೇತುಹಾಕಿದ್ದೇನೆ.